ಉಪ್ಪುಗಾಳಿ ತಿಂದ ಕೋವಿ

ಗಂಡನನ್ನು ಕೊಂದ ಕೋವಿಯನ್ನು ಇಮೆಲ್ಡಾ ಎರಡು ಮಳೆಗಾಲ ಎಣ್ಣೆ ಹಾಕಿ ಕಾಪಾಡಿದ್ದಳು.

ಕೋವಿ ಭುಜಂಗ ಶೆಟ್ಟರದು. ಬೆಳ್ಮಣ್‌ನ ತಮ್ಮ ಗದ್ದೆಗೆ ಹಂದಿ ನುಗ್ಗುತ್ತದೆಂದು ಒಂದು ಸಂಜೆ ಇಮ್ಯಾನುಯೆಲ್‌ನನ್ನು ಜೊತೆಗೆ ಕರೆದೊಯ್ದವರು ಅವನಿಗೇ ಗುಂಡು ಹೊಡೆದಿದ್ದರು. ಹಂದಿ ಎಂದುಕೊಂಡೆ ಎಂದರು. ಇಮ್ಯಾನುಯೆಲ್ ಆ ದಿನ ಇಗರ್ಜಿಯಿಂದ ನೇರ ಹೋಗಿದ್ದ. ಮೈಮೇಲೆ ಬಿಳಿ ಅಂಗಿ ಇತ್ತು. ಬಿಳಿ ಅಂಗಿ ತೊಟ್ಟ ಹಂದಿಯನ್ನು ಯಾರು ಕಂಡಿದ್ದಾರೆ? ಶೆಟ್ಟರು ಕುಡಿದಿದ್ದರೆಂದು ಊರಿಗೆಲ್ಲ ಗೊತ್ತಿತ್ತು. ಹೇಳಲು ಯಾರೂ ಮುಂದೆ ಬರಲಿಲ್ಲ. ಆಕಸ್ಮಿಕವೆಂದು ಕೋರ್ಟು ಅವರನ್ನು ಬಿಟ್ಟಿತು. ಕೋವಿಯೂ ಮರಳಿ ಸಿಕ್ಕಿತು.

ಕಾರ್ಕಳದಲ್ಲಿ ಇಮ್ಯಾನುಯೆಲ್‌ಗೆ ಕೋವಿ ರಿಪೇರಿಯ ಅಂಗಡಿ ಇತ್ತು. ಲೈಸೆನ್ಸಿನ ಮೇಲೆ ಬೇರೆಯವರ ಕೋವಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವ ಕೆಲಸವೂ ಇತ್ತು. ಅವನ ನಂತರ ಎಲ್ಲವೂ ಇಮೆಲ್ಡಾಳ ಹೆಸರಿಗಾಯಿತು. ಶೆಟ್ಟರ ಮನೆ ಕಾಪುವಿನಲ್ಲಿ, ಕಡಲ ಬದಿಗೆ. ಮಳೆಗಾಲದಲ್ಲಿ ಅಲ್ಲಿ ಬೀಗದ ಕೈಗೂ ತುಕ್ಕು ಹಿಡಿಯುತ್ತದೆ. ಕೇಸು ಮುಗಿದ ಜೂನಿನಲ್ಲೇ ಅವರು ಹಿಂದಿನಂತೆ ಕೋವಿ ಹಿಡಿದು ಬಂದರು.

"ಆದದ್ದು ಆಯಿತು ಬಾಯಮ್ಮ. ನಿಮ್ಮಲ್ಲಿ ಇಟ್ಟರೆ ನನಗೆ ಧೈರ್ಯ. ಇಮ್ಯಾನುಯೆಲನ ಕೈಗುಣ ನಿಮಗೂ ಉಂಟು."

ಗುಂಡನ್ನಾದರೂ ಅವಳು ಎಂದಾದರೂ ಕ್ಷಮಿಸುತ್ತಿದ್ದಳೇನೋ. ಆ ಮಾತನ್ನು ಕ್ಷಮಿಸಲಿಲ್ಲ.

ಮೂರನೆಯ ಜೂನಿನಲ್ಲಿ ಕೋವಿ ಬಂದಾಗ ನಿರ್ಧಾರ ಗಟ್ಟಿಯಾಗಿತ್ತು. ಕಾಪಾಡುವ ವಿದ್ಯೆ ತಿಳಿದವಳು ಕೆಡಿಸುವುದನ್ನು ಬೇರೆ ಕಲಿಯಬೇಕಾಗಿರಲಿಲ್ಲ. ಗಂಡ ಬೇಡ ಎನ್ನುತ್ತಿದ್ದುದನ್ನೆಲ್ಲ ಮಾಡಿದರೆ ಸಾಕು. ಉಳಿದವರ ಕೋವಿಗಳು ಬಲ್ಬು ಉರಿಯುವ ಬೆಚ್ಚಗಿನ ಕಪಾಟಿನಲ್ಲಿ ಎಣ್ಣೆ ಸವರಿಕೊಂಡು ನಿಂತವು. ಶೆಟ್ಟರದು ಚರ್ಮದ ಚೀಲದೊಳಗೆ, ಹಿಂಬದಿಯ ಒದ್ದೆ ಗೋಡೆಗೆ ಒರಗಿತು. ಚರ್ಮ ತೇವ ಹೀರುತ್ತದೆ, ಬಿಡುವುದಿಲ್ಲ. ನಳಿಗೆಯೊಳಗೆ ಉಪ್ಪುನೀರಿನ ಬಟ್ಟೆ. ವಾರಕ್ಕೊಮ್ಮೆ ಅದನ್ನು ಬದಲಿಸುವಾಗ ಅವಳಿಗೆ ಜಪಮಾಲೆ ಎಣಿಸುವಷ್ಟೇ ಶ್ರದ್ಧೆ.

ಆಗಸ್ಟಿನಲ್ಲಿ ಬಟ್ಟೆ ಕೆಂಪಾಗಿ ಹೊರಬಂತು. ಸೆಪ್ಟೆಂಬರಿನಲ್ಲಿ ಕಬ್ಬಿಣದ ಪದರಗಳೇ ಅಂಟಿಕೊಂಡು ಬಂದವು. ಅಕ್ಟೋಬರಿನಲ್ಲಿ ಹೊರಮೈಯನ್ನು ಕನ್ನಡಿಯಂತೆ ಉಜ್ಜಿ, ಒಳಗಿನ ಗುಳಿಗಳ ಮೇಲೆ ದಪ್ಪಗೆ ಗ್ರೀಸು ಮೆತ್ತಿದಳು. ಶೆಟ್ಟರಿಗೆ ನಳಿಗೆಯೊಳಗೆ ಇಣುಕುವ ಅಭ್ಯಾಸವಿಲ್ಲ. ಮೂವತ್ತು ವರ್ಷ ಆ ಕೆಲಸ ಇಮ್ಯಾನುಯೆಲ್‌ನದಾಗಿತ್ತು.

ಏನಾದರೂ ಆದರೆ ಪೊಲೀಸರು ಮೊದಲು ಬರುವುದು ವಿಧವೆಯ ಬಾಗಿಲಿಗೇ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಅವಸರಪಡಲಿಲ್ಲ. ಹಂದಿಗಳು ಗದ್ದೆಗಿಳಿಯುವುದು ಸುಗ್ಗಿ ಬೆಳೆ ಬಲಿಯುವಾಗ, ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ನಾಲ್ಕು ತಿಂಗಳು ಕೋವಿ ಕಾಪುವಿನಲ್ಲಿರುತ್ತದೆ. ಆಮೇಲೆ ಅದರ ತುಕ್ಕಿಗೆ ಯಾರು ಹೊಣೆ? ಕಡಲು. ಕಡಲನ್ನು ಯಾವ ಕೋರ್ಟಿಗೆ ಕರೆಯುತ್ತಾರೆ?

"ಹೊಸದರ ಹಾಗೆ ಉಂಟು ಮಾರಾಯ್ರೆ!" ಎಂದರು ಶೆಟ್ಟರು, ಕೋವಿಯನ್ನು ಬೆಳಕಿಗೆ ಹಿಡಿದು.

"ಇಲ್ಲೊಂದು ಸಹಿ ಹಾಕಿ ಶೆಟ್ರೆ" ಎಂದಳು ಇಮೆಲ್ಡಾ. ರಿಜಿಸ್ಟರಿನಲ್ಲಿ 'ಸುಸ್ಥಿತಿಯಲ್ಲಿ ಪಡೆದಿದ್ದೇನೆ' ಎಂದು ಅವಳೇ ಬರೆದಿದ್ದಳು. ಅವರು ಓದದೆ ಸಹಿ ಹಾಕಿದರು.

ಫೆಬ್ರವರಿಯ ಎರಡನೆಯ ವಾರ, ಸಂಜೆ ಆರರ ಹೊತ್ತಿಗೆ, ಬೆಳ್ಮಣ್‌ನ ಗದ್ದೆಯ ಬದುವಿನಲ್ಲಿ ಶೆಟ್ಟರು ಹಂದಿಗೆ ಗುಂಡು ಹಾರಿಸಿದಾಗ ತುಕ್ಕು ತಿಂದ ನಳಿಗೆ ತಡೆಯದೆ ಸೀಳಿಹೋಯಿತು. ಚೂರೊಂದು ಅವರ ಕುತ್ತಿಗೆಗೆ ಹೊಕ್ಕಿತು. ಮಣಿಪಾಲ ತಲುಪುವ ಮೊದಲೇ ದಾರಿಯಲ್ಲಿ ಜೀವ ಹೋಯಿತು. ಸುದ್ದಿ ತಂದವಳು ನೆರೆಮನೆಯ ಆಲಿಸ್. "ದೇವರು ಇದ್ದಾನೆ ಇಮೆಲ್ಡಾ" ಎಂದಳು. ಇಮೆಲ್ಡಾ ತಲೆಯಾಡಿಸಿದಳು. ಬಹಳ ದಿನಗಳ ನಂತರ ಹೊಟ್ಟೆ ತುಂಬ ಉಂಡಳು.

ಮೂರನೆಯ ದಿನ ಎಸ್ಸೈ ರಿತೇಶ್ ಬಂದರು. ಮೆಲುಮಾತಿನ ಮನುಷ್ಯ. ಕೊಟ್ಟ ಚಹಾ ಪೂರ್ತಿ ಕುಡಿದರು.

"ಒಳಗೆಲ್ಲ ತುಕ್ಕು ಬಾಯಮ್ಮ. ಎಂತ ಆದದ್ದು?"

ಅವಳು ರಿಜಿಸ್ಟರು ತೆರೆದು ಸಹಿ ತೋರಿಸಿದಳು. "ಇಲ್ಲಿಂದ ಹೋಗುವಾಗ ಒಂದು ಚುಕ್ಕೆ ತುಕ್ಕು ಇರಲಿಲ್ಲ ಸರ್, ನಾನೇ ನೋಡಿ ಕೊಟ್ಟದ್ದು. ಆಮೇಲೆ ನಾಲ್ಕು ತಿಂಗಳು ಕಾಪುವಿನ ಗಾಳಿ. ಕಬ್ಬಿಣ ಎಲ್ಲಿ ತಡೆಯುತ್ತದೆ?"

ರಿತೇಶ್ ಆ ಮಾತನ್ನು ಹಾಗೆಯೇ ಬರೆದುಕೊಂಡರು, ಓದಿ ಹೇಳಿದರು, ಕೆಳಗೆ ಅವಳ ಸಹಿ ಪಡೆದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕುತ್ತ ಹೇಳಿದರು: "ಶೆಟ್ಟರ ಮಗ ಶ್ರವಣ್ ಮದುವೆ ಫೋಟೋ ತೆಗೆಯುವವನು. ಸಂತೆಕಟ್ಟೆಯ ಸ್ಟುಡಿಯೋ ಬಿಟ್ಟು ಸೆಪ್ಟೆಂಬರಿನಲ್ಲಿ ಸಾಮಾನೆಲ್ಲ ಮನೆಗೆ ತಂದಿದ್ದಾನೆ. ಲೆನ್ಸಿಗೆ ಫಂಗಸ್ ಹಿಡಿಯಬಾರದೆಂದು ಅವನಲ್ಲಿ ಆಳೆತ್ತರದ ಕಪಾಟು ಉಂಟು, ಕರೆಂಟಿನದ್ದು, ತೇವ ಹೀರುವಂಥದ್ದು. ನಿಮ್ಮ ಅಂಗಡಿಯಿಂದ ಬಂದ ದಿನದಿಂದ ಕೋವಿ ಇದ್ದದ್ದು ಅದರೊಳಗೆ. ಒಳಗೆ ತೇವ ಎಷ್ಟು ಉಂಟೆಂದು ಅದು ಗಂಟೆಗಂಟೆಗೆ ಅವನ ಮೊಬೈಲಿಗೆ ಕಳಿಸುತ್ತದೆ. ನಾಲ್ಕು ತಿಂಗಳದ್ದೂ ನೋಡಿದೆ ಬಾಯಮ್ಮ. ಕಾಪುವಿನ ಗಾಳಿ ಆ ಕೋವಿಗೆ ಒಂದು ದಿನವೂ ತಾಗಲಿಲ್ಲ."