ಲಾವಣಿಗೆ ಅರ್ಥ ಹೇಳಿದವನು

ಪಠ್ಯದಲ್ಲಿರುವ ಸೈನಿಕನ ಲಾವಣಿಯನ್ನು ಓದಿಸಿ, ಆದರೆ ತಪ್ಪು ಯಾರದೆಂದು ಮಾತ್ರ ಹೇಳಲು ಹೋಗಬೇಡಿ ಎಂದು ಸಾಹಿತ್ಯ ವಿಭಾಗದ ಮುಖ್ಯಸ್ಥೆ ಹೊಸ ಮೇಷ್ಟ್ರಿಗೆ ಮೊದಲೇ ಎಚ್ಚರಿಸಿದ್ದರು. ಆ ಕಾಲೇಜಿನಲ್ಲಿ ಆ ಪಾಠ ಯಾವತ್ತೂ ಪ್ರಶ್ನೆಯಲ್ಲೇ ಮುಗಿಯಬೇಕು. ಪ್ರೀತಿ ಸೈನಿಕನನ್ನು ಕುರುಡು ಮಾಡಿತು ಎಂದು ಸಾರಾಂಶ ಬರೆಸಿದ್ದ ಹಿಂದಿನ ಮೇಷ್ಟ್ರು, ಪೀರಿಯಡ್ ಮುಗಿಯುವಷ್ಟರಲ್ಲಿ ಗೋಡೆ ತಡವುತ್ತಾ ಹೊರಗೆ ಬಂದಿದ್ದರಂತೆ.

"ಹೇಳಿದ ಅರ್ಥ ಹೇಳಿದವರಿಗೇ ಅಂಟ್ಕೊಳ್ಳುತ್ತೆ, ಸಾರ್," ಎಂದರು ಮೇಡಂ ತಗ್ಗಿದ ದನಿಯಲ್ಲಿ.

"ಹಾಗಾದ್ರೆ ತಾಯಿತ ಕಟ್ಟಿಸ್ಕೊಂಡು ಬರ್ತೀನಿ ಬಿಡಿ, ಮೇಡಂ," ಎಂದು ಅವನು ನಕ್ಕ.

ನಗುವುದು ಅವನಿಗೆ ಸುಲಭ. ಹಿಂದಿನ ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತಿದ್ದ ಹುಡುಗಿಯೊಬ್ಬಳ ಹಿಂದೆ ಬಿದ್ದು, ಅವಳ ಡಬ್ಬಿಯ ಊಟ ಉಂಡು, ಅವಳ ಬಾಟಲಿಯ ನೀರು ಕುಡಿದು, ಮದುವೆಯಾಗುತ್ತೇನೆಂದು ಮಾತು ಕೊಟ್ಟವನು ಇವನೇ. ದೊಡ್ಡ ಮನೆಯ ಸಂಬಂಧ ಕೂಡಿಬಂದದ್ದೇ ತಡ, ಅವಳು ನೀರಿನಲ್ಲಿ ಮದ್ದು ಹಾಕಿ ತನ್ನನ್ನು ಮರುಳು ಮಾಡಿದಳೆಂದು ಅಮ್ಮನ ಮುಂದೆ ಅತ್ತು ಕೈತೊಳೆದುಕೊಂಡ. ಮಾತು ಕಾಲೇಜಿನವರೆಗೂ ಹಬ್ಬಿತು. ಅವಳ ಕೈಯಿಂದ ಒಂದು ಲೋಟ ನೀರು ಮುಟ್ಟುವವರೂ ಇಲ್ಲವಾದರು. ಅವಳು ಹೊಳೆಗೆ ಹಾರಿದಳು. ಇವನು ಹೊಸ ಕೆಲಸ ಹಿಡಿದು, ಹೊಸ ಅಂಗಿ ಹೊಲಿಸಿಕೊಂಡು, ಮದುವೆಯ ದಿನ ಎದುರು ನೋಡುತ್ತಿದ್ದ.

ಲಾವಣಿಯ ಕತೆ ಚಿಕ್ಕದು. ಯುದ್ಧದಿಂದ ಮರಳುವ ಸೈನಿಕನಿಗೆ ಕಾಡಿನ ಬಾವಿಯ ಬಳಿ ಹೆಣ್ಣೊಬ್ಬಳು ಬೊಗಸೆಯಲ್ಲಿ ನೀರು ಕೊಡುತ್ತಾಳೆ. ಅವನು ಕೆಲವು ದಿನ ಅಲ್ಲೇ ಉಳಿಯುತ್ತಾನೆ, ಮತ್ತೆ ಬರುತ್ತೇನೆಂದು ಆಣೆ ಮಾಡಿ ಹೊರಟವನು ಮರಳುವುದೇ ಇಲ್ಲ. ಆಮೇಲೆ ಯಾವ ನೀರೂ ಅವನ ದಾಹ ತೀರಿಸದು. ತುಂಬಿ ಹರಿಯುವ ನದಿಯ ದಡದಲ್ಲಿ ಬಾಯಾರಿ ಸಾಯುತ್ತಾನೆ.

ಮಧ್ಯಾಹ್ನದ ತರಗತಿ. ಹೊರಗೆ ಮೋಡ ಕವಿದಿತ್ತು, ಕರೆಂಟು ಹೋಗಿತ್ತು. ಆಣೆಯ ಸಾಲುಗಳನ್ನು ಅವನು ಸರಸರನೆ ದಾಟಿಸಿದ. ವೇದಿಕೆಯ ಮೇಲೆ ನಿಂತು, ಬರೆದುಕೊಳ್ಳಿ ಎಂದ. ಅವಳು ಮಾಟಗಾತಿ. ಸೈನಿಕ ನಿರಪರಾಧಿ. ಅವಳ ಕೈನೀರು ಕುಡಿದವನಿಗೆ ಬೇರೆ ನೀರು ದಕ್ಕದು.

ಹೇಳಿ ಮುಗಿಸುತ್ತಲೇ ಗಂಟಲು ಒಣಗಿತು. ಮೇಜಿನ ಮೇಲಿನ ಲೋಟ ಎತ್ತಿ ಕುಡಿದ. ಜಗ್ಗನ್ನೇ ಎತ್ತಿ ಗಟಗಟ ಸುರಿದುಕೊಂಡ. ನೀರು ಹೊಟ್ಟೆಗಿಳಿಯಿತು, ನಾಲಿಗೆ ಮಾತ್ರ ಮರಳು ಮೆತ್ತಿದಂತೆ ಒಣಗಿಯೇ ಇತ್ತು.

ಅಷ್ಟರಲ್ಲಿ ವಾಸನೆ ಬಂತು. ಲ್ಯಾಬಿನ ಸ್ಪಿರಿಟ್ಟಿನ ವಾಸನೆ. ಅದರ ಬೆನ್ನಿಗೇ ಹೊಳೆಯ ಕೆಸರಿನದು. ಕೊನೆಯ ಬೆಂಚಿನಿಂದ ಯಾರೋ ಎದ್ದರು. ಒದ್ದೆ ಬಟ್ಟೆ ನೆಲಕ್ಕೆ ಉಜ್ಜುವ ಸದ್ದು. ಹುಡುಗರು ಯಾರೂ ತಲೆ ಎತ್ತಲಿಲ್ಲ. ಅವರ ಪೆನ್ನುಗಳು ಓಡುತ್ತಲೇ ಇದ್ದವು.

ಅವಳೇ. ಊದಿದ ಮುಖ. ಮುಂದೆ ಚಾಚಿದ ಬೊಗಸೆ. ಬೊಗಸೆಯ ತುಂಬಾ ತಿಳಿನೀರು.

"ನಂಗೆ ಯಾವ ಮಾಟಾನೂ ಗೊತ್ತಿರ್ಲಿಲ್ಲ," ಎಂದಳು. "ಮಾಟ ಕಲಿಸಿದ್ದು ನೀವೇ ಅಲ್ವಾ?"

ಅವನು ಕಪ್ಪುಹಲಗೆಗೆ ಬೆನ್ನು ತಾಗುವಷ್ಟು ಹಿಂದೆ ಸರಿದ. ಆದರೂ ತಲೆ ಚುರುಕಾಗಿ ಓಡಿತು: ಹೇಳಿದ್ದೇ ಅಂಟುವುದಾದರೆ, ಬೇರೆ ಅರ್ಥ ಹೇಳಿದರಾಯಿತು. "ಬರೆದಿದ್ದನ್ನ ಹೊಡೆದುಹಾಕಿ," ಎಂದು ಹುಡುಗರಿಗೆ ಕೂಗಿದ. ಅವಳು ಮಾಟಗಾತಿಯಲ್ಲ, ಬರೆದುಕೊಳ್ಳಿ. ಅವಳು ಮದ್ದು ಹಾಕಲಿಲ್ಲ. ಅವನೇ ಬಂದ, ಅವನೇ ಮಾತು ಕೊಟ್ಟ, ಅವನೇ ಸುಳ್ಳು ಹೇಳಿದ.

ಗಂಟಲು ತುಸು ಸಡಿಲಾಯಿತು. ಅವನು ಆಸೆಯಿಂದ ಬೊಗಸೆಯತ್ತ ಬಗ್ಗಿದ. ನೀರಿನ ತಂಪು ತುಟಿಗೆ ತಾಗುವಷ್ಟು ಹತ್ತಿರ.

"ಪೂರ್ತಿ ಹೇಳಿ, ಸಾರ್," ಎಂದಳು ಅವಳು. "ಅಂಥವನಿಗೆ ಏನಾಯ್ತು?"

ಉತ್ತರ ಒಂದೇ ಇತ್ತು. ಅವನು ತುಟಿ ಬಿಗಿದ. ದಾಹ ಎದೆಗಿಳಿಯಿತು. ಕಣ್ಣಿಗೇರಿತು. ಉಗುರಿನ ಸಂದಿಗೂ ಹಬ್ಬಿತು. ತಡೆಯಲಾಗಲಿಲ್ಲ. ಬಾಯಿ ತೆರೆದ.

"ಬಾಯಾರಿ ಸತ್ತ," ಎಂದ.

"ಸರಿಯಾಗಿ ಹೇಳಿದ್ರಿ," ಎಂದು ಅವಳು ಬೆರಳು ಸಡಿಲಿಸಿದಳು. ನೀರೆಲ್ಲ ಅವನ ಕಾಲ ಮೇಲೆ ಸುರಿಯಿತು. ಹುಡುಗರು ಆ ಸಾಲನ್ನೂ ಬರೆದುಕೊಂಡು, ಸಾರ್ ಮುಂದೆ ಏನು ಹೇಳುತ್ತಾರೋ ಎಂದು ತಲೆ ಎತ್ತಿದರು.