ತಿನ್ನಲು ಬಾರದ ಚೆರ್ರಿ

ನನ್ನ ಮೂಗಿಗೂ ಉಪ್ಪುನೀರಿಗೂ ಒಂದೇ ಇಂಚು!

ಕತ್ತು ಗೂಳಿಯ ಮುಷ್ಟಿಯಲ್ಲಿತ್ತು. ಕೆಳಗೆ ಚೆರ್ರಿ ಹಣ್ಣು ತುಂಬಿದ ಡ್ರಮ್. ಗಂಧಕದ ಘಾಟಿಗೆ ಕಣ್ಣು ಉರಿಯುತ್ತಿತ್ತು.

"ಬೊಗಳಯ್ಯಾ! ನಮ್ಮ ಭಾವನ ಮಾಲು ಯಾಕೆ ನಿಂತಿದೆ?"

ಗೂಳಿ ಅಂದರೆ ಆಮದು ಸಾಹುಕಾರರ ಬಾಮೈದ. ಆರಡಿ ಆಳು. ಗೋಡೌನಿನ ಹಮಾಲರು ಅವನ ಬೂಟಿನ ಸದ್ದು ಕೇಳಿದರೇ ದಾರಿ ಬಿಡುತ್ತಾರೆ. ನಾನು? ಕಸ್ಟಮ್ಸ್ ಕ್ಲಿಯರಿಂಗ್ ಏಜೆಂಟ್. ಹತ್ತೊಂಬತ್ತು ವರ್ಷದಿಂದ ಹಣ್ಣಿಗೆ ಸುಂಕಪಟ್ಟಿಯ ನಂಬರ್ ಹಚ್ಚಿ ಗಡಿ ದಾಟಿಸುವ ಕಸುಬು. ಒಣ ಬಾದಾಮಿಗೆ ಒಂದು ನಂಬರ್... ಅದನ್ನೇ ಹುರಿದರೆ ಬೇರೆ ನಂಬರ್, ಬೇರೆ ಸುಂಕ! ಬಾದಾಮಿಗೆ ಇದೆಲ್ಲ ಗೊತ್ತೇ? ಪಾಪ.

"ಮೊದಲು ಕೈ ತೆಗಿ... ಹೇಳ್ತೀನಿ!"

ತೆಗೆದ.

"ಇದನ್ನ ಗಂಧಕ ಬೆರೆಸಿದ ಉಪ್ಪುನೀರಲ್ಲಿ ಹಾಕಿರೋದು ದಾರೀಲಿ ಕೆಡದೆ ಇರಲಿ ಅಂತ. ಹಾಗೇ ತಿನ್ನೋಕೆ ಆಗಲ್ಲ. ಅದಕ್ಕೇ ಸುಂಕ ಕಡಿಮೆ. ಬಾಯಿಗೆ ಹಾಕ್ಕೊಳ್ಳೋ ಹಾಗಿದ್ರೆ ನಂಬರ್ ಬದಲು. ಸುಂಕ ನಾಲ್ಕು ಪಟ್ಟು!"

"ತಿನ್ನೋಕೆ ಆಗುತ್ತೋ ಇಲ್ವೋ... ಯಾರು ಹೇಳ್ಬೇಕು?"

"ಕಸ್ಟಮ್ಸ್ ಮೇಡಂ. ಹನ್ನೊಂದು ಗಂಟೆಗೆ ಸ್ಯಾಂಪಲ್ ತಿಂದು ನೋಡ್ತಾರೆ."

ನನಗೂ ಭಯವಿತ್ತು, ಸುಳ್ಳು ಯಾಕೆ ಹೇಳಲಿ. ಹೋದ ತಿಂಗಳು ಅಂಜೂರದ ವಿಷಯದಲ್ಲಿ ಎಡವಿದ್ದೆ. ಇನ್ನೊಂದು ತಪ್ಪು ಡಿಕ್ಲರೇಶನ್ ಬಂದರೆ ಲೈಸೆನ್ಸ್ ರದ್ದು ಎಂದು ಮೇಡಂ ಬರೆದೇ ಕೊಟ್ಟಿದ್ದರು.

ಆಗ ಫೋನ್ ಬಂತು. ಸಾಹುಕಾರರ ಹೆಂಡತಿ. ಗೂಳಿಯ ಅಕ್ಕ.

"ಮನೇಲಿದ್ದ ಸ್ಯಾಂಪಲ್ ಬಾಟಲಿ ಡ್ರೈವರ್ ಕೈಲಿ ಕಳಿಸಿದೀನಿ ಕಣ್ರೀ. ಪಾಪ, ಆ ಮೇಡಂ ಉಪ್ಪು ಹಣ್ಣು ಹೇಗೆ ತಿಂತಾರೆ? ಚೆನ್ನಾಗಿ ತೊಳೆದು, ಸಕ್ಕರೆ ಪಾಕದಲ್ಲಿ ಎರಡು ದಿನ ನೆನೆಹಾಕಿದ್ದೆ. ತುಂಬಾ ರುಚಿ ಬಂದಿದೆ!"

ಮೇಡಂಗೆ ಅದು ರುಚಿಸಿದರೆ ನನ್ನ ಲೈಸೆನ್ಸ್ ಹೋದಂತೆಯೇ!

"ಗೂಳಿ... ಸ್ಕೂಟರ್ ತೆಗಿ!"

ಹಿಂದೆ ಕೂತೆ. ಎರಡು ಸಿಗ್ನಲ್ ಹಾರಿಸಿದ. ಒಂದು ತಳ್ಳುಗಾಡಿ ಸ್ವಲ್ಪದರಲ್ಲಿ ತಪ್ಪಿತು. ಕಸ್ಟಮ್ಸ್ ಗೇಟಿನಲ್ಲಿ ಡ್ರೈವರ್ ಎದುರಾದ. ಕೈ ಖಾಲಿ!

ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದೆ. ತಡವಾಗಿತ್ತು. ಚಮಚ ಮೇಡಂ ಬಾಯಲ್ಲಿತ್ತು.

"ಚೆನ್ನಾಗಿದೆ," ಅಂದರು. ಪೆನ್ನಿನ ಕ್ಯಾಪ್ ತೆಗೆದರು.

"ಬರೀಬೇಡಿ ಮೇಡಂ! ಅದು ಮಾಲಲ್ಲ... ಮನೆಯವರ ಪ್ರೀತಿ! ಸೀಲ್ ಇರೋ ಡ್ರಮ್ ತೆಗೆಸಿ. ನಾನೇ ತಿಂದು ತೋರಿಸ್ತೀನಿ!"

ಇದ್ದದ್ದು ಇದ್ದ ಹಾಗೆ ಹೇಳಿದೆ. ಮೇಡಂ ಕನ್ನಡಕದ ಮೇಲಿಂದ ನೋಡಿದರು.

"ಡ್ರಮ್ ತೆಗೆಸ್ತೀನಿ. ತಿನ್ನೋದು ನೀವಲ್ಲ. ನಿಮ್ಮ ನಾಟಕದ 'ಥೂ' ಹತ್ತೊಂಬತ್ತು ವರ್ಷದಿಂದ ಇಲಾಖೆ ಕೇಳ್ತಾ ಬಂದಿದೆ." ಬೆರಳು ನನ್ನ ಹಿಂದೆ ನಿಂತಿದ್ದ ಗೂಳಿಯ ಕಡೆ ತಿರುಗಿತು. "ಇವರು ತಿನ್ನಲಿ."

ಗೋಡೌನಿಗೆ ವಾಪಸ್. ಸೀಲ್ ಒಡೆಯಿತು. ಮೇಡಂ ಕುರ್ಚಿ ಹಾಕಿಸಿಕೊಂಡು ಕೂತರು. ಹಮಾಲರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು.

"ಮುಖ ಕಿವುಚು... ಉಗಿ... ಅಷ್ಟೇ!" ಅವನ ಕಿವಿಯಲ್ಲಿ ಅಂದೆ.

"ಇವರೆಲ್ಲ ನೋಡ್ತಿದ್ದಾರಲ್ಲೋ!"

ಎಡವಟ್ಟಾಯಿತು! ನೂರು ಜನ ಹೆದರುವ ಗೂಳಿ, ಒಂದು ಚೆರ್ರಿಗೆ ಮುಖ ಕಿವುಚುವುದೇ? ಬಾಯಿಗೆ ಎಸೆದುಕೊಂಡ. ಅಗಿದ. ಕತ್ತಿನ ನರ ಉಬ್ಬಿತು. ಕಿವಿ ಕೆಂಪಾಯಿತು. ನುಂಗಿದ!

"ಹೇಗಿದೆ?" ಮೇಡಂ ಕೇಳಿದರು.

"ಫಸ್ಟ್ ಕ್ಲಾಸ್!"

ನನ್ನ ಲೈಸೆನ್ಸ್ ಹರಿಯುವ ಸದ್ದು ಕೇಳಿದಂತಾಯಿತು. ಅಲ್ಲೇ ಅವನಿಗೆ ನಾಲ್ಕು ಬಿಡೋಣ ಅನ್ನಿಸಿತು. ಆದರೆ ಮೇಡಂ ಇನ್ನೂ ಬರೆದಿರಲಿಲ್ಲ.

"ಹಾಗಾದ್ರೆ ಇನ್ನೊಂದು ತಗೊಳ್ಳಿ."

ತಿಂದ.

"ಸಂಕೋಚ ಬೇಡ. ಇನ್ನೊಂದು."

ಮೂರನೆಯದು ಹೋಯಿತು. ನಾಲ್ಕನೆಯದು ಗಂಟಲಲ್ಲಿ ನಿಂತಿತು. ಮೀಸೆ ನಡುಗಿತು. ಗೂಳಿ ಒಮ್ಮೆ ಹಮಾಲರನ್ನು ನೋಡಿದ, ಒಮ್ಮೆ ಡ್ರಮ್ ನೋಡಿದ...

"ಅಕ್ಕಾ...!"

ಗಳಗಳ ಅತ್ತುಬಿಟ್ಟ! ನಲ್ಲಿಯ ಕಡೆ ಓಡಿದ. ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಿಜಕ್ಕೂ ಅಯ್ಯೋ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ದೇವರೇ, ಹೋದ ಜೀವ ಬಂತು!

ಮೇಡಂ ಗಂಭೀರವಾಗಿ ಬರೆದರು. 'ಇದ್ದ ಸ್ಥಿತಿಯಲ್ಲಿ ತಿನ್ನಲು ಯೋಗ್ಯವಲ್ಲ. ಆಧಾರ: ದೃಢಕಾಯ ವ್ಯಕ್ತಿಯೊಬ್ಬರ ಕಣ್ಣೀರು.'

ಮಾಲು ಬಿಡುಗಡೆಯಾಯಿತು. ಲೈಸೆನ್ಸ್ ಉಳಿಯಿತು.

ಅಲ್ಲಿಗೇ ಮುಗಿಯಿತು ಅಂದುಕೊಂಡಿರಾ? ಆ ಆದೇಶ ಮೇಲಿನವರಿಗೆ ಬಹಳ ಹಿಡಿಸಿತು. ಮುಂದಿನ ವಾರವೇ ಸುತ್ತೋಲೆ ಬಂತು. ಉಪ್ಪುನೀರಿನ ಹಣ್ಣು ಎಲ್ಲಿ ಇಳಿದರೂ ಅಧಿಕಾರಿಯ ಸಮಕ್ಷಮ ಒಬ್ಬ ದೃಢಕಾಯ ವ್ಯಕ್ತಿ ಅಳತಕ್ಕದ್ದು. ವ್ಯಕ್ತಿಯನ್ನು ಏಜೆಂಟರೇ ಒದಗಿಸತಕ್ಕದ್ದು!

ಈಗ ನನ್ನ ಕೈಕೆಳಗೆ ಹನ್ನೊಂದು ರೌಡಿಗಳಿದ್ದಾರೆ. ಒಬ್ಬನಿಗೂ ಹೊಡೆಯೋಕೆ ಬರಲ್ಲ... ಆದರೆ ಅಳೋದು ನೋಡಬೇಕು ನೀವು!