‘ಮು’ ಎಂಬ ಕಾಲಂ

ನಾನು ಚಾಚಿದ ಟೀ ಲೋಟವನ್ನು ಅವಳು ನೋಡಲೇ ಇಲ್ಲ.

ಎದುರು ರಸ್ತೆಯ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಅವಳದು. ನಮ್ಮ ಟ್ರಾವೆಲ್ ಆಫೀಸಿನ ಕರಪತ್ರದ ಕರಡು ತಂದಿದ್ದಳು. ನಾನು ಅವಳ ಎಡಗಡೆ ನಿಂತು, ಮಾತಿಲ್ಲದೆ, ಮೇಲೊಂದು ನಗೆಯನ್ನೂ ಸೇರಿಸಿ ಲೋಟ ಹಿಡಿದಿದ್ದೆ. ಅವಳು ಕಾಗದದಿಂದ ಕಣ್ಣೆತ್ತಲಿಲ್ಲ.

“ಇಲ್ಲೊಂದು ಸೊನ್ನೆ ಬಿಟ್ಟುಹೋಗಿದೆ. ‘ಪ್ರಯಾಣದ ಆನದ’ ಅಂತಾಗಿದೆ.”

ಕ್ಯಾಶ್ ಟೇಬಲ್ಲಿನಲ್ಲಿ ಕೂತಿದ್ದ ಅಕ್ಕ ಗಂಟಲು ಸರಿಮಾಡಿಕೊಂಡಳು. ಆಫೀಸು ಅವಳದು, ನಾನು ಅಲ್ಲಿನ ಟಿಕೆಟ್ಟು ಟೈಮ್‌ಟೇಬಲ್ಲಿನ ಕೂಲಿ. “ಟೀ ಆರಿಹೋಯ್ತು, ನೀನೇ ಕುಡಿಯೋ,” ಅಂದಳು.

ಹೊರಡುವಾಗ ಬಾಗಿಲ ಪಕ್ಕದ ಸ್ಟೂಲಿಗೆ ಅವಳ ಮೊಣಕಾಲು ಬಡಿಯಿತು. “ಸಾರಿ,” ಅಂದಳು, ಸ್ಟೂಲಿಗೆ. ನಾನೂ ಅಕ್ಕನೂ ನಕ್ಕೆವು.

ಮುಂದಿನ ವಾರ ಬಂದು ನನ್ನ ನೇರ ಎದುರಿನ ಕುರ್ಚಿಯಲ್ಲೇ ಕೂತಳು.

“ಒಂದು ಕಡೆ ಹೋಗ್ಬೇಕು. ಹೊರದೇಶ. ಒಬ್ಬಳೇ.”

“ಜೊತೆಗೆ ಯಾರೂ ಇಲ್ವಾ?”

“ಇದ್ದಿದ್ರೆ ಒಬ್ಬಳೇ ಅಂತ ಯಾಕೆ ಹೇಳ್ತಿದ್ದೆ?”

ಹೋಗಬೇಕಾಗಿದ್ದು ನದಿಯೊಂದು ಸಮುದ್ರ ಸೇರುವ ಜಾಗಕ್ಕೆ. ಹಿಮ ಕರಗುವ ಎರಡು ವಾರ ಅಲ್ಲಿ ನೀರು ಎರಡು ಬಣ್ಣವಾಗಿ, ಬೆರೆಯದೆ, ಪಕ್ಕಪಕ್ಕದಲ್ಲೇ ಬಹಳ ದೂರ ಹರಿಯುತ್ತದಂತೆ. “ಒಂದು ಪ್ರವಾಸದ ಪುಸ್ತಕದಲ್ಲಿತ್ತು. ಅದರ ಕರಡು ಮೂರು ಸಲ ತಿದ್ದಿದೀನಿ. ಕಾಗುಣಿತ ಸರಿ ಇದೆ. ವಿಷಯ ಸರಿ ಇದೆಯಾ ಅಂತ ನೋಡ್ಬೇಕು.”

“ಸುಲಭ. ಏರ್‌ಪೋರ್ಟಲ್ಲೇ ಕಾರ್ ಬಾಡಿಗೆಗೆ ತಗೊಳ್ಳಿ. ನಾಲ್ಕು ಗಂಟೆ ದಾರಿ, ಮಧ್ಯಾಹ್ನಕ್ಕೆಲ್ಲ ಅಲ್ಲಿರ್ತೀರ.”

“ಕಾರ್ ಬೇಡ.”

“ಡ್ರೈವಿಂಗ್ ಬರಲ್ವಾ?”

“ಆರು ವರ್ಷ ಓಡಿಸಿದೀನಿ.”

“ಮತ್ತೆ?”

“ಮತ್ತೇನಿಲ್ಲ. ರೈಲು, ಬಸ್ಸು, ಕಾಲು. ಇಷ್ಟರಲ್ಲೇ ಮುಗಿಸಿಕೊಡಿ.”

ಹಾಗೆ ಶುರುವಾಯಿತು. ವಾರಕ್ಕೆರಡು ದಿನ, ನಾಲ್ಕು ಗಂಟೆಗೆ ಅವಳು ಬರುವಳು. ಎರಡು ರೈಲು, ಒಂದು ದೋಣಿ, ಕೊನೆಗೆ ದಿನಕ್ಕೆ ಒಂದೇ ಸಲ ಹೋಗುವ ಬಸ್ಸು. ಎಲ್ಲ ವಸತಿಯೂ ಸ್ಟೇಷನ್ನಿಗೆ ಅಂಟಿಕೊಂಡೇ ಇರಬೇಕು. ಬೆನ್ನಿಗೊಂದೇ ಬ್ಯಾಗು. ನಾನು ನಕ್ಷೆ ಹರಡುವುದು, ಅವಳು ಅದರಲ್ಲಿ ತಪ್ಪು ಹುಡುಕುವುದು. “ನಿನ್ನ ಸೊನ್ನೆಯಮ್ಮ ಬಂದ್ಲು ನೋಡು,” ಎಂದು ಅಕ್ಕ ಕಣ್ಣು ಮಿಟುಕಿಸುವುದು.

ಓರೆಗಣ್ಣಿನಲ್ಲಿ ಅವಳನ್ನು ನೋಡುವುದರಲ್ಲಿ ನಾನು ಪಳಗಿಹೋದೆ. ಪ್ರಿಂಟರ್ ಹತ್ತಿರ ನಿಂತು ನೋಡಿದೆ, ಬೀರುವಿನ ಪಕ್ಕ ನಿಂತು ನೋಡಿದೆ. ಒಂದು ಸಲವೂ ಸಿಕ್ಕಿಬೀಳಲಿಲ್ಲ. ಸಿಕ್ಕಿಬೀಳಲಿ ಅಂತಲೇ ನೋಡುವವನಿಗೆ ಇದಕ್ಕಿಂತ ಅವಮಾನವಿಲ್ಲ.

ಐದು ಹೊಡೆಯಿತೋ, ಕಿಟಕಿ ನೋಡಿ ಎದ್ದೇಬಿಡುವಳು. ಮುಸ್ಸಂಜೆಗೆ ಕಾಫಿಗೆ ಹೋಗೋಣವೆಂದು ಮೂರು ಸಲ ಕೇಳಿದೆ.

“ಮುಸ್ಸಂಜೆ ಬಿಟ್ಟು ಯಾವಾಗ ಬೇಕಾದ್ರೂ ಕರೀರಿ,” ಅಂದಳು.

“ಮನೇಲಿ ಯಾರೋ ಕಾಯ್ತಿರ್ತಾರೆ ಕಣೋ. ಆಸೆ ಬಿಡು,” ಅಂದಳು ಅಕ್ಕ. ನಾನೂ ಹಾಗೇ ಅಂದುಕೊಂಡೆ. ಅವಳ ಕಾಲಿನ ಮೇಲಿನ ಹೊಸ ಹೊಸ ಕಪ್ಪು ಗಾಯಗಳನ್ನು ಕಂಡಾಗ ಆ ಕಾಯುವವನ ಬಗ್ಗೆ ಕೆಟ್ಟ ಯೋಚನೆಗಳೂ ಬಂದವು.

ಒಂದು ದಿನ ಅವಳ ನೋಟ್‌ಬುಕ್ ನನ್ನ ಮೇಜಿನಲ್ಲೇ ಉಳಿಯಿತು. ದಿನಕ್ಕೊಂದು ಸಾಲು. ‘ಹೊ’ ಅಂದರೆ ಹೊರಡುವುದು, ‘ತ’ ಅಂದರೆ ತಲುಪುವುದು. ಕೊನೆಯಲ್ಲಿ ಕೆಂಪು ಶಾಯಿಯ ಇನ್ನೊಂದು ಕಾಲಂ: ‘ಮು’. ಬಸ್ಸಿನ ದಿನದ ಎದುರಿಗೆ ‘ಮು. 6.05’ ಎಂದಿತ್ತು.

ಮುಂದಿನ ಬಸ್ಸು, ಅಂದುಕೊಂಡೆ. ಎರಡು ದಿನ ಆ ಬಸ್ಸು ಹುಡುಕಿದೆ. ಇರುವುದೊಂದೇ ಬಸ್ಸು, ಅದು ಆರೂವರೆಗೆ ತಲುಪುತ್ತದೆ. ಆಮೇಲೆ ಮೇಲಿನ ಸಾಲು ನೋಡಿದೆ: 6.03. ಕೆಳಗೆ: 6.07. ಅದರ ಕೆಳಗೆ: 6.09. ಯಾವ ಬಸ್ಸೂ ದಿನಕ್ಕೆರಡು ನಿಮಿಷ ತಡವಾಗಿ ಹೊರಡುವುದಿಲ್ಲ. ಹಾಗೆ ಮಾಡುವವನು ಸೂರ್ಯನೊಬ್ಬನೇ, ಅವನು ಮುಳುಗುತ್ತಾನೆ.

ಆಗ ಸ್ಟೂಲು ನೆನಪಾಯಿತು. ಟೀ ಲೋಟ ನೆನಪಾಯಿತು. ಗಾಯಗಳು ನೆನಪಾದವು.

ಅವಳು ಬಂದಾಗ ನೋಟ್‌ಬುಕ್ ಕೊಟ್ಟು, “ಕಾರು ಯಾಕೆ ಬೇಡ ಅಂತ ಗೊತ್ತಾಯ್ತು,” ಅಂದೆ.

ಅವಳು ನೋಟ್‌ಬುಕ್ಕನ್ನು ಬ್ಯಾಗಿಗೆ ಹಾಕಿಕೊಂಡಳು. “ಪ್ರೆಸ್ಸಲ್ಲಿ ಯಾರಿಗೂ ಗೊತ್ತಿಲ್ಲ. ಹೇಳಬೇಡಿ, ಕೆಲಸ ಹೋಗುತ್ತೆ.”

“ಏನಿದು?”

“ಇರುಳುಗುರುಡು ಅಂತಾರಲ್ಲ, ಅಲ್ಲಿಂದ ಶುರು. ಆಮೇಲೆ ಅಕ್ಕಪಕ್ಕದ್ದು ಹೋಗುತ್ತೆ. ನೇರ ಇರೋದು ಚೆನ್ನಾಗೇ ಕಾಣುತ್ತೆ, ಸೊನ್ನೆ ಸಮೇತ.” ಬಳೆಯೊಂದನ್ನು ತೆಗೆದು ಕಣ್ಣಿನ ಮುಂದೆ ಹಿಡಿದಳು. “ಈಗ ಇಷ್ಟಿದೆ. ಬರೋ ವರ್ಷಕ್ಕೆ ಉಂಗುರದಷ್ಟು ಅಂತಾರೆ ಡಾಕ್ಟರು. ಅದರ ಮುಂದಿನದ್ದು ಕೇಳಬೇಡಿ.”

ನನ್ನ ಅಂಗಿಯ ಜೇಬಿನಲ್ಲಿ ಹದಿನೈದು ದಿನದಿಂದ, ಆಸೆ ಬಿಡದೆ ಕೊಂಡ, ಅಕ್ಕನಿಗೆ ಮಾತ್ರ ಗೊತ್ತಿದ್ದ ಒಂದು ಉಂಗುರವಿತ್ತು. ಆ ದಿನ ಅದು ಕೆಂಡದ ಹಾಗೆ ಸುಟ್ಟಿತು.

“ಆ ಕೊನೆಯ ಊರಲ್ಲಿರೋದು ಒಂದೇ ವಸತಿ. ಬಸ್ಸು ಇಳಿದ ಮೇಲೆ ಹದಿನೆಂಟು ನಿಮಿಷ ನಡೆಯಬೇಕು,” ಅಂದೆ. “ಕತ್ತಲಲ್ಲಿ. ಬೀದಿ ದೀಪ ಇಲ್ಲ, ಟ್ಯಾಕ್ಸಿ ಇಲ್ಲ. ಆ ಮನೆಯವರಿಗೆ ಹೇಳಿ ಬಸ್‌ಸ್ಟಾಪಿಗೆ ಬರೋಕೆ...”

“ಬೇಡ.”

“ಹಾಗಾದ್ರೆ ನಾನು ಬರ್ತೀನಿ.”

“ಇನ್ನು ಮುಂದೆ ಎಲ್ಲ ಕಡೆಗೂ ಯಾರಾದ್ರೊಬ್ಬರು ಕೈ ಹಿಡಿದೇ ಕರ್ಕೊಂಡು ಹೋಗ್ತಾರೆ ರೀ. ಇದೊಂದು ನನಗೆ ಬಿಡಿ.” ಬಳೆ ಮತ್ತೆ ಕೈಗೇರಿತು. “ಸಹಾಯ ಮಾಡೋದಿದ್ರೆ ಅಭ್ಯಾಸ ಮಾಡ್ಸಿ.”

ಹೀಗಾಗಿ ಅವಳು ಮೊದಲ ಸಲ ನನ್ನ ಜೊತೆ ಮುಸ್ಸಂಜೆ ಕಳೆದಳು. ಪ್ರೆಸ್ಸಿನ ಹಿಂದಿನ ಗೋದಾಮುಗಳ ರಸ್ತೆ, ದೀಪಗಳು ಕೆಟ್ಟು ಯಾವ ಕಾಲವಾಯಿತೋ. ಕೈಯಲ್ಲಿ ಮಡಚುವ ಕೋಲು, ಹಣೆಗೆ ಟಾರ್ಚು. ಶರತ್ತು ಎರಡೇ: ನಾನು ಮುಟ್ಟಬಾರದು, ಮಾತಾಡಬಾರದು.

ಬೆಳಕು ಇಳಿಯಿತು. ಅವಳ ಹೆಜ್ಜೆ ಚಿಕ್ಕದಾಯಿತು. ಟಾರ್ಚಿನ ಬೆಳಕು ನೆಲದ ಮೇಲೆ ಒಂದು ರೂಪಾಯಿ ನಾಣ್ಯದಷ್ಟೇ ಬಿದ್ದ ಹಾಗೆ ಅವಳು ಅದರ ಹಿಂದೆ ತಡವರಿಸುತ್ತಿದ್ದಳು. ಗೋಡೆಯಾಚೆ ಎಲ್ಲೋ ನಾಯಿ ಗುರುಗುಟ್ಟಿತು. ಕೋಲಿನ ಟಕ್ ಟಕ್, ಅವಳ ಪಿಸುಮಾತಿನ ಎಣಿಕೆ. ಮುನ್ನೂರ ಹತ್ತು. ಮುನ್ನೂರ ಹನ್ನೊಂದು.

ನನಗೆ ಕಂಡಿತು. ಹತ್ತು ಹೆಜ್ಜೆ ಮುಂದೆ ಚರಂಡಿಯ ಕಲ್ಲು ಎತ್ತಿಟ್ಟಿದ್ದರು. ಬಾಯಿ ತೆರೆದ ಕಪ್ಪು ಚೌಕ, ಸರಿಯಾಗಿ ಅವಳ ದಾರಿಯಲ್ಲೇ.

ಕೂಗು ಗಂಟಲವರೆಗೆ ಬಂತು. ನುಂಗಿಕೊಂಡೆ. ಸದ್ದಿಲ್ಲದೆ ಹತ್ತಿರ ಸರಿದು, ಅವಳ ಬೆನ್ನಿನಿಂದ ಒಂದು ಗೇಣು ದೂರದಲ್ಲಿ ಕೈ ಚಾಚಿ ನಡೆದೆ. ಐದು ಹೆಜ್ಜೆ. ಮೂರು. ಒಂದು.

ಕೋಲಿನ ತುದಿ ನೆಲ ಸಿಗದೆ ಜಾರಿತು. ಅವಳು ನಿಂತಳು. ಕೋಲಿನಿಂದ ಅಂಚು ಹುಡುಕಿದಳು, ಬಲಕ್ಕೆ ಸರಿದಳು, ದಾಟಿದಳು.

“ಮಾತಾಡಿದ್ರಾ?”

“ಇಲ್ಲ.”

“ಉಸಿರು ಕತ್ತಿಗೆ ಬಡೀತು. ಅದನ್ನೂ ಶರತ್ತಿಗೆ ಸೇರಿಸಬೇಕಿತ್ತು.”

ರಸ್ತೆ ಮುಗಿದಲ್ಲಿ ಒಂದು ಅಂಗಡಿಯ ಬೆಳಕು. ಪಕ್ಕದಲ್ಲಿ ನಿಂತು ಹೇಳಲು ಹೊರಟೆ, “ನಿಮಗೆ ಗೊತ್ತಿರಬಹುದು, ಮೂರು ತಿಂಗಳಿಂದ ನಾನು ನಿಮ್ಮನ್ನ...”

“ಎದುರಿಗೆ ಬಂದು ಹೇಳಿ,” ಅಂದಳು. “ಪಕ್ಕದಲ್ಲಿ ನಿಂತು ಏನೇನು ನೋಡಿದ್ರೋ, ಒಂದೂ ನನಗೆ ತಲುಪಿಲ್ಲ. ನಿಮ್ಮಕ್ಕ ಹೇಳಿದ್ದಷ್ಟೇ ಗೊತ್ತು.”

ಎದುರಿಗೆ ಹೋದೆ. ಹೇಳಿದೆ. ಹೇಳಿದ್ದು ಇಲ್ಲಿ ಬರೆದರೆ ಅವಳು ತಿದ್ದುತ್ತಾಳೆ.

ಅವಳು ನನ್ನ ಮುಖವನ್ನು ಹಣೆಯಿಂದ ಗಲ್ಲದವರೆಗೆ, ಒಂದು ಸಾಲೂ ಬಿಡದೆ ನೋಡಿದಳು. “ಉತ್ತರ ಅಲ್ಲಿಗೆ ಹೋದ ಮೇಲೆ. ಬಾಗಿಲು ತಲುಪಿದ ತಕ್ಷಣ ಮೆಸೇಜ್ ಮಾಡ್ತೀನಿ. ಅಲ್ಲಿವರೆಗೆ ನೀವು ಫೋನ್ ಮಾಡಬಾರದು.”

ಆ ದಿನ ಬಂತು. ಅವಳು ಬಾಗಿಲು ತಲುಪಬೇಕಾದ ಹೊತ್ತು ಅಲ್ಲಿ ಸಂಜೆ ಆರು ನಲವತ್ತೆಂಟು, ಅಂದರೆ ಇಲ್ಲಿ ಮಧ್ಯಾಹ್ನ ಹನ್ನೆರಡು ಹದಿನೆಂಟು. ಆಫೀಸಿನ ತುಂಬ ಬಿಸಿಲು. ಕಣ್ಣು ಕುಕ್ಕುವ ಆ ಬಿಸಿಲಲ್ಲಿ ಕೂತು ನಾನು ಕತ್ತಲು ನೋಡುತ್ತಿದ್ದೆ.

ಹನ್ನೆರಡು ಹದಿನೆಂಟು. ಫೋನು ಸುಮ್ಮನಿತ್ತು. ಇಪ್ಪತ್ತು. ಇಪ್ಪತ್ತಮೂರು. ಅಕ್ಕ ಎದ್ದು ಬಂದು ನನ್ನ ಎದುರಿಗೆ, ‘ಸೊನ್ನೆಯಮ್ಮ’ನ ಕುರ್ಚಿಯಲ್ಲೇ ಕೂತಳು. ಏನೂ ತಮಾಷೆ ಮಾಡಲಿಲ್ಲ. ಅದು ಇನ್ನೂ ಹೆದರಿಸಿತು. ಆ ದಾರಿಯಲ್ಲೂ ಯಾರಾದರೂ ಕಲ್ಲು ಎತ್ತಿಟ್ಟಿರಬಹುದೇ? ಅಲ್ಲಿ ಯಾರ ಉಸಿರು ಬಡಿಯುತ್ತದೆ?

ಹನ್ನೆರಡು ಇಪ್ಪತ್ತಾರಕ್ಕೆ ಫೋನು ಮೇಜಿನ ಮೇಲೆ ಗುಯ್‌ಗುಟ್ಟಿತು.

‘ಹದಿನೆಂಟಲ್ಲ, ಇಪ್ಪತ್ತಾರು ನಿಮಿಷ. ನಿಮ್ಮ ಲೆಕ್ಕ ತಪ್ಪು, ತಿದ್ದಿಕೊಳ್ಳಿ. ಒಂದು ಸಲ ಬಿದ್ದೆ. ಎದ್ದೆ. ಜೇಬಿನಲ್ಲಿರೋದನ್ನ ಅಂಗಡಿಗೆ ವಾಪಸ್ ಕೊಡಬೇಡಿ.’

ಅಕ್ಕ ಮುಖ ಬೇರೆ ಕಡೆ ತಿರುಗಿಸಿ, “ನಾನೇನೂ ಹೇಳಿಲ್ಲಪ್ಪ,” ಅಂದಳು.

ಮರುದಿನ ನಮ್ಮಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಅವಳ ಫೋನು. ಅಲ್ಲಿ ಗಾಳಿ, ಹಕ್ಕಿಗಳ ಕೂಗು.

“ನೋಡಿದ್ರಾ?”

“ಪುಸ್ತಕ ಸರಿ ಇದೆ. ಎರಡು ಬಣ್ಣ. ಒಂದು ಹಸಿರು, ಒಂದು ಬೂದಿ. ಬಳೆಯೊಳಗೆ ಎರಡೂ ಒಟ್ಟಿಗೆ ಹಿಡಿಸ್ತು ರೀ. ಬರೋ ವರ್ಷ ಬಂದಿದ್ರೆ ಒಂದೊಂದೇ ನೋಡ್ಬೇಕಿತ್ತು.”

ನಾನು ಉಂಗುರವನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡೆ.

“ಭಾನುವಾರ ನಾಲ್ಕು ಗಂಟೆಗೆ ಇಳೀತೀನಿ, ಇನ್ನೂ ಬೆಳಕಿರುತ್ತೆ,” ಅಂದಳು. “ಏರ್‌ಪೋರ್ಟಿಗೆ ಬನ್ನಿ. ಪಕ್ಕದಲ್ಲಿ ನಿಲ್ಲಬೇಡಿ. ನೇರ ಎದುರಿಗೆ.”